ಕೆಂಚಣ್ಣ ಹೆಂಡತಿಗೆ ಕೊಟ್ಟ ಹನ್ನೊಂದು ಅಂಕ

ಹಿರಿಯೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಊರಿನ ಅರ್ಧ ಕಾಗದಪತ್ರ ನನ್ನ ಗಾಜಿನ ಮೇಲೆ ಬೋರಲಾಗಿ ಮಲಗಿ ಎದ್ದು ಹೋಗಿದೆ. ಯಾರಿಗೆ ಎಷ್ಟು ಸೈಟು, ಯಾರು ಯಾರ ಮೇಲೆ ಕೇಸು ಹಾಕಿದ್ದಾರೆ, ಯಾರ ಮಗಳ ಜಾತಕ ಎಷ್ಟು ಮನೆ ತಿರುಗಿ ಬಂತು, ಎಲ್ಲ ಗೊತ್ತು. ಬಾಯಿ ಬಿಡುವುದಿಲ್ಲ. ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅರ್ಧ ಊರು ಇನ್ನರ್ಧ ಊರಿನ ಜೊತೆ ಮಾತು ಬಿಟ್ಟಿರುತ್ತಿತ್ತು. ಆದರೆ ಕೆಂಚಣ್ಣನವರ ವಿಷಯ ಹೇಳಲೇಬೇಕು. ಅದರಲ್ಲಿ ನನ್ನ ತಪ್ಪೂ ಇದೆ, ಇಟ್ಟುಕೊಂಡು ಕೂತರೆ ಹೊಟ್ಟೆ ನೋಯುತ್ತದೆ.

ಕೆಂಚಣ್ಣ ಮೂವತ್ತನಾಲ್ಕು ವರ್ಷ ಊರಿಗೆ ನೀರು ಬಿಟ್ಟವರು. ವಾಲ್ವು ತಿರುಗಿಸುವ ಎದೆಯುದ್ದದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೆಳಗಿನ ಜಾವ ಬೀದಿಗೆ ಬಂದರೆ ಮಲಗಿದ್ದ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು. ಮದುವೆ ಮನೆಯವರು ಮೊದಲ ಲಗ್ನಪತ್ರಿಕೆ ದೇವರ ಮುಂದಿಟ್ಟರೆ ಎರಡನೆಯದನ್ನು ಕೆಂಚಣ್ಣನ ಕೈಗೆ ಕೊಡುತ್ತಿದ್ದರು. ಕೊಡದವರ ಮದುವೆಯಲ್ಲೂ ನೀರಿಗೆ ತೊಂದರೆ ಆದದ್ದಿಲ್ಲ. ಆದರೂ ಹೆದರಿ ಕೊಡುತ್ತಿದ್ದರು.

ವಾಲ್ವು ತಿರುಗಿಸಿದ ಮೇಲೆ ಬೇರೆ ನೀರು ಬಿಡುವವರು ಟೀ ಅಂಗಡಿಗೆ ಹೋದರೆ ಇವರು ಬೀದಿಯುದ್ದ ಚರಂಡಿ ನೋಡಿಕೊಂಡು ನಡೆಯುತ್ತಿದ್ದರು. ಚರಂಡಿಯಲ್ಲಿ ತಿಳಿನೀರು ಹರಿದರೆ ಆ ಮನೆಯ ತೊಟ್ಟಿ ತುಂಬಿ ಉಕ್ಕುತ್ತಿದೆ ಎಂದು ಅರ್ಥ. ನೊರೆ ಬಂದರೆ ಬಟ್ಟೆ ಒಗೆಯುತ್ತಿದ್ದಾರೆ, ಬೆಳ್ಳಗಿದ್ದರೆ ಅಕ್ಕಿ ತೊಳೆಯುತ್ತಿದ್ದಾರೆ. ಬಾಗಿಲು ಬಡಿದು, "ನಲ್ಲಿ ನಿಲ್ಲಿಸ್ರಿ, ನೀರು ಬೀದಿಗೆ ಹೋಗ್ತೈತೆ" ಎಂದು ಒಂದೇ ಮಾತು ಹೇಳಿ ಮುಂದೆ ಹೋಗುವುದು. ಒಳಗೆ ಕರೆದರೆ ಹೋಗುತ್ತಿರಲಿಲ್ಲ. ಮನೆಯವರ ಜೊತೆ ಆಡಿದ್ದಕ್ಕಿಂತ ಚರಂಡಿಯ ಜೊತೆ ಆಡಿದ ಮಾತೇ ಹೆಚ್ಚು.

"ಮನುಷ್ಯರನ್ನ ಕೇಳಿದ್ರೆ ತಮಗೆ ಬೇಕಾದಂಗೆ ಹೇಳ್ತಾರೆ ಅನುಸೂಯಮ್ಮ. ಚರಂಡಿಗೆ ಆ ಬುದ್ಧಿ ಇಲ್ಲ" ಎಂದು ನನಗೆ ಹೇಳುತ್ತಿದ್ದರು.

ಸುಳ್ಳು ಅವರ ಬಾಯಲ್ಲಿ ಬರುವುದಿಲ್ಲ. ಒಂದು ಯುಗಾದಿಯ ದಿನ ನಿದ್ದೆಗಣ್ಣಿನಲ್ಲಿ ಬೇರೆ ಬೀದಿಯ ವಾಲ್ವು ತಿರುಗಿಸಿಬಿಟ್ಟರು. ಹಬ್ಬದ ದಿನ ನಲವತ್ತು ಮನೆಗೆ ನೀರಿಲ್ಲ. ಮೋಟಾರು ಕೆಟ್ಟಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಇವರು ನಲವತ್ತು ಮನೆಗೂ ಹೋಗಿ, "ತಪ್ಪು ನಂದೇ, ಬೈಯ್ರಿ" ಎಂದು ನಿಂತರು. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಬೈಯಲಾದೀತೇ? ಎಲ್ಲರೂ ಒಬ್ಬಟ್ಟು ಕೊಟ್ಟು ಕಳಿಸಿದರು. ಒಂದು ವಾರ ಅವರ ಮನೆಯಲ್ಲಿ ಒಬ್ಬಟ್ಟೇ ತಿಂಡಿ.

ಇಂಥ ಮನುಷ್ಯ ನಿವೃತ್ತರಾದ ಮೇಲೆ ನಮ್ಮ ‘ಬೇರು’ ಪರಿಸರ ಬಳಗದ ಅಧ್ಯಕ್ಷರಾದರು. ಬಳಗ ಹುಟ್ಟಿದ್ದು ಒಂದು ಹುಣಸೆಮರಕ್ಕಾಗಿ. ಅವರ ವಾರ್ಡಿನ ರಸ್ತೆಯಲ್ಲಿ ಏಳು ದೊಡ್ಡ ಹುಣಸೆಮರಗಳಿದ್ದವು. ಆರು ಹೋದವು. ಏಳನೆಯದನ್ನಾದರೂ ಉಳಿಸಬೇಕು ಎಂದು ನಾವು ಐದು ಜನ ಸೇರಿಕೊಂಡೆವು. ಕೆಂಚಣ್ಣ ಅಧ್ಯಕ್ಷರು. ಜೆರಾಕ್ಸ್ ಮಷಿನ್ ಇದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಕಾರ್ಯದರ್ಶಿ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಗಿರೀಶ್ ಮೇಷ್ಟ್ರು ನಮ್ಮ ಬುದ್ಧಿಜೀವಿ. ಆದಿವಾಲದಲ್ಲಿ ಸಸಿ ಮಾರುವ ಹನುಮಂತಪ್ಪ ಖಾಯಂ ಸದಸ್ಯ. ಯಾವ ವಿಷಯ ಚರ್ಚೆಗೆ ಬಂದರೂ ಹನುಮಂತಪ್ಪ, "ನಾನೂರು ಹೊಂಗೆ ಸಸಿ ರೆಡಿ ಅವೆ, ತಗಳ್ರಿ" ಎಂದು ಮುಗಿಸುತ್ತಾನೆ. ಸದಸ್ಯರೊಬ್ಬರ ತಾಯಿ ತೀರಿಕೊಂಡಾಗಲೂ ಅದನ್ನೇ ಹೇಳಿದ್ದ. ಐದನೆಯವರು ತುರುವನೂರಿಗೆ ವರ್ಗವಾಗಿ ಹೋದರು, ಅವರ ಹೆಸರು ಈಗಲೂ ಲೆಟರ್‌ಹೆಡ್ಡಿನಲ್ಲಿದೆ.

ನಗರಸಭೆ ಚುನಾವಣೆ ಘೋಷಣೆಯಾದ ವಾರ ಗಿರೀಶ್ ಮೇಷ್ಟ್ರು ಫೋನು ಹಿಡಿದುಕೊಂಡು ಅಂಗಡಿಗೆ ಓಡಿ ಬಂದರು. ಫೋನಿನಲ್ಲಿ ಓದಿದ್ದನ್ನೆಲ್ಲ ನಂಬುವ ಸ್ವಭಾವ ಅವರದು.

"ಹೊರದೇಶದಾಗೆ ಪರಿಸರದೋರು ಅಭ್ಯರ್ಥಿಗಳನ್ನ ಪರೀಕ್ಷೆ ಮಾಡಿ, ಇಂಥೋರಿಗೆ ಓಟು ಹಾಕ್ರಿ ಅಂತ ಪಟ್ಟಿ ಬಿಡ್ತಾರೆ ಮೇಡಂ. ನಾವೂ ಬಿಡಾಣ!"

"ನಾವು ಹೇಳಿದ್ರೆ ಯಾರು ಹಾಕ್ತಾರೆ ಮೇಷ್ಟ್ರೇ?"

"ಅಂಕ ಕೊಡಾಣ. ಅಂಕ ಅಂದ್ರೆ ನಮ್ಮ ಜನ ಹೆದರ್ತಾರೆ."

ಅದೇನೋ ನಿಜ. ಸಭೆ ಸೇರಿದೆವು. ಮೂವತ್ತೊಂದು ವಾರ್ಡಿಗೂ ಪಟ್ಟಿ ಬಿಡುವುದೆಂದು ತೀರ್ಮಾನವಾಯಿತು. ಟೀ ಬರುವ ಹೊತ್ತಿಗೆ ಅದು ಹತ್ತಾಯಿತು, ಟೀ ಮುಗಿಯುವ ಹೊತ್ತಿಗೆ ಮೂರು. ಮೇಷ್ಟ್ರು ಐವತ್ತು ಅಂಕದ ಪ್ರಶ್ನೆಪಟ್ಟಿ ಮಾಡಿದರು. ಅಭ್ಯರ್ಥಿಯ ಮನೆಯಲ್ಲಿ ನೀರು ಪೋಲಾಗುತ್ತದೆಯೇ, ಕಸ ಎಲ್ಲಿ ಬೀಳುತ್ತದೆ, ಹೊಗೆ ಎಷ್ಟು, ಪ್ಲಾಸ್ಟಿಕ್ ಎಷ್ಟು, ಮನೆಯಂಗಳದಲ್ಲಿ ಹಕ್ಕಿಪಕ್ಕಿ ಹುಳಹುಪ್ಪಟೆಗೆ ಜಾಗ ಇದೆಯೇ. ನಾನು ಟೈಪು ಮಾಡಿದೆ. ಪರೀಕ್ಷಕರು ಕೆಂಚಣ್ಣ. ಬೆಳಗಿನ ಜಾವ ಐದಕ್ಕೆ ಪರರ ಮನೆ ಮುಂದೆ ನಿಂತು ಇಣುಕಿದರೂ ಕಳ್ಳ ಎಂದು ಕೂಗಿಸಿಕೊಳ್ಳದ ಮನುಷ್ಯ ಊರಿನಲ್ಲಿ ಅವರೊಬ್ಬರೇ.

ಅವರು ಒಂದು ಷರತ್ತು ಹಾಕಿದರು. "ಅಭ್ಯರ್ಥಿ ಜೊತೆ ನಾನು ಮಾತಾಡಲ್ಲ. ಮಾತಾಡಿದ್ರೆ ಮನಸು ಕರಗ್ತೈತೆ. ಎಂಟು ದಿನ ಬರೇ ನೋಡ್ತೀನಿ, ಬರ್ಕಂತೀನಿ, ಕೊಡ್ತೀನಿ."

ಒಪ್ಪಿದೆವು. ಮೂರನೆಯ ವಾರ್ಡಿನ ಪಟ್ಟಿ ತೆಗೆದು ಅವರೇ ಓದತೊಡಗಿದರು. ಅದು ಅವರದೇ ವಾರ್ಡು, ಹುಣಸೆಮರದ ವಾರ್ಡು, ಈ ಸಲ ಮಹಿಳೆಗೆ ಮೀಸಲು.

"ಸುಚಿತ್ರಾ, ಗಂಡ ಪ್ರಸನ್ನಕುಮಾರ್. ಓಬವ್ವ, ಗಂಡ ದಿವಂಗತ ನಾಗಣ್ಣ. ಹೊನ್ನಕ್ಕ, ಗಂಡ ಕೆಂಚಣ್ಣ." ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಯಾವ ಕೆಂಚಣ್ಣ ಅನುಸೂಯಮ್ಮ? ನಮ್ಮ ವಾರ್ಡಿನಾಗೆ ಇನ್ನೊಬ್ಬ ಇಲ್ವಲ್ಲ!"

ನನಗೆ ಮೂರು ದಿನ ಮೊದಲೇ ಗೊತ್ತಿತ್ತು. ಹೊನ್ನಕ್ಕನ ನಾಮಪತ್ರದ ಜೆರಾಕ್ಸ್ ಮಾಡಿಕೊಟ್ಟವಳು ನಾನೇ. "ಮನೆಯೋರಿಗೆ ನಾನೇ ಹೇಳ್ತೀನಿ, ನೀನು ಸುಮ್ನಿರವ್ವ" ಅಂದಿದ್ದಳು, ಸುಮ್ಮನಿದ್ದೆ. ಗುರುತು ಗ್ಯಾಸ್ ಒಲೆ ಸಿಕ್ಕಿತ್ತು. ಮೇಷ್ಟ್ರಿಗೆ ಆ ಗುರುತಿನ ಬಗ್ಗೆಯೇ ಬೇಸರ, ಅದರಿಂದ ಭೂಮಿ ಬಿಸಿಯಾಗುತ್ತದಂತೆ.

ಕೆಂಚಣ್ಣ ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು, "ಯಾರಾದ್ರೇನು, ಅಭ್ಯರ್ಥಿ ಅಭ್ಯರ್ಥಿನೇ" ಎಂದು ಎದ್ದು ಹೋದರು.

ಅವತ್ತು ಮನೆಯಲ್ಲಿ ನಡೆದದ್ದನ್ನು ಹೊನ್ನಕ್ಕ ಆಮೇಲೆ ನನಗೆ ಹೇಳಿದಳು. ಗಂಡ ಬಂದ ಕೂಡಲೇ ಇವಳು, "ರೀ, ಕುಂತ್ಕಳ್ರಿ ಇಲ್ಲಿ. ಯಾಕೆ ನಿಂತೆ ಅಂತ ಹೇಳ್ತೀನಿ. ಆ ಮರ..." ಅಂದಳಂತೆ. ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಬ್ಯಾಡ! ಪರೀಕ್ಷೆ ಮುಗಿಯೋವರೆಗೂ ಅಭ್ಯರ್ಥಿ ಜೊತೆ ಮಾತಾಡಂಗಿಲ್ಲ!" ಎಂದು ಹಿತ್ತಲಿಗೆ ಹೋಗಿಬಿಟ್ಟರಂತೆ. ಎಂಟು ದಿನ ಗಂಡ ಹೆಂಡತಿ ಒಂದೇ ಸೂರಿನಡಿ ಮೂಕರು. ರೊಟ್ಟಿ ಬೇಕಾದರೆ ಎರಡು ಬೆರಳು, ಮುದ್ದೆ ಬೇಕಾದರೆ ಮುಷ್ಟಿ. ಉಪ್ಪು ಕಡಿಮೆ ಎಂದು ಸನ್ನೆಯಲ್ಲಿ ಹೇಳುವುದು ಹೇಗೆಂದು ತಿಳಿಯದೆ ಒಂದು ದಿನ ಸಪ್ಪೆ ಸಾರೇ ಉಂಡರಂತೆ.

ಮೊದಲ ಎರಡು ವಾರ್ಡಿನ ಕಥೆ ಬೇಗ ಮುಗಿಯಿತು. ನಾವು ಆರಿಸಿದ ಇಬ್ಬರೂ ಒಂದೇ ಸಂಜೆ ಅಂಗಡಿಗೆ ಬಂದು ಕೈ ಮುಗಿದರು. "ದಯವಿಟ್ಟು ನಮ್ಮ ಹೆಸರು ಹಾಕ್ಬೇಡ್ರಿ ಮೇಡಂ. ನೀವು ಒಪ್ಪಿದೀರಿ ಅಂದ್ರೆ ಇವನು ಗೆದ್ದು ನಮ್ಮ ಅಂಗಡಿ ಮುಂದೆ ಮರ ನೆಡ್ತಾನೆ, ಬೋರ್ಡು ಮುಚ್ಚಿ ಹೋಗ್ತೈತೆ ಅಂತ ಜನ ಓಟೇ ಹಾಕಲ್ಲ." ಬೆಂಬಲ ಕೊಡಬೇಡಿ ಎಂದು ಬೇಡಿಕೊಳ್ಳುವ ಅಭ್ಯರ್ಥಿಗಳನ್ನು ನಾನು ಮೊದಲ ಸಲ ನೋಡಿದೆ. ಮೈ ಉರಿಯಿತು. ಹೆಸರು ತೆಗೆದೆವು. ಉಳಿದದ್ದು ಹುಣಸೆಮರದ ವಾರ್ಡು ಮಾತ್ರ.

ಒಂಬತ್ತನೆಯ ದಿನ ಕೆಂಚಣ್ಣ ಅಂಕಪಟ್ಟಿ ತಂದರು. ಮೇಷ್ಟ್ರು ಗಟ್ಟಿಯಾಗಿ ಓದಿದರು.

ಸುಚಿತ್ರಾ, ಐವತ್ತಕ್ಕೆ ನಲವತ್ತೇಳು. ಎಂಟು ದಿನವೂ ಚರಂಡಿಗೆ ಒಂದು ತೊಟ್ಟು ನೀರು ಬಿದ್ದಿಲ್ಲ. ಕಸ ಇಲ್ಲ. ಹೊಗೆ ಇಲ್ಲ. ಹಾಲಿನ ಕವರು ಸಹ ಇಲ್ಲ. ಹುಳಹುಪ್ಪಟೆಗೆ ಆಶ್ರಯ ಇದೆ.

ತರಕಾರಿ ಮಾರುವ ಓಬವ್ವ, ಇಪ್ಪತ್ತೊಂಬತ್ತು. ಕೊಳೆತ ತರಕಾರಿ ಎಮ್ಮೆಗೆ ಹಾಕುತ್ತಾಳೆ, ಆದರೆ ಎಮ್ಮೆಯನ್ನು ಬೀದಿ ನಲ್ಲಿಯಲ್ಲಿ ತೊಳೆಯುತ್ತಾಳೆ.

ಹೊನ್ನಕ್ಕ, ಹನ್ನೊಂದು.

"ಹನ್ನೊಂದಾ!" ಅಂದೆ.

"ಓದ್ರಿ ಮೇಷ್ಟ್ರೇ, ಕಾರಣ ಬರ್ದೀನಿ" ಅಂದರು ಕೆಂಚಣ್ಣ, ನೆಲ ನೋಡುತ್ತಾ.

ಮೇಷ್ಟ್ರು ತಡವರಿಸಿಕೊಂಡು ಓದಿದರು. "ದಿನಾ ಅಂಗಳಕ್ಕೆ ಪೈಪಿನಲ್ಲಿ ನೀರು ಹೊಡೆಯುವುದು. ಹಂಡೆ ಒಲೆಗೆ ದಿನಾ ಹಾಲಿನ ಕವರು. ಸೋಮವಾರ ಹಳೇ ಚಪ್ಪಲಿ, ಎಡಗಾಲಿನದು. ಮಂಗಳವಾರ ಬಲಗಾಲಿನದು. ಹೊಗೆಗೆ ಸೊನ್ನೆ. ಪ್ಲಾಸ್ಟಿಕ್ಕಿಗೆ ಸೊನ್ನೆ." ತಲೆಯೆತ್ತಿ, "ಸಾರ್, ಮನೆಯೋರು ಅಂತ ಒಂಚೂರು..." ಅಂದರು.

"ಒಂದು ಅಂಕ ಜಾಸ್ತಿನೇ ಕೊಟ್ಟೀನಿ. ಹತ್ತೇ ಬರ್ತಿತ್ತು. ಆ ಒಂದಕ್ಕೇ ನಂಗೆ ನಿದ್ದೆ ಬಂದಿಲ್ಲ" ಅಂದರು ಕೆಂಚಣ್ಣ.

ಹಾಲಿನ ಕವರು ನಮ್ಮ ಮನೆಯ ಒಲೆಗೂ ಬೀಳುತ್ತದೆ. ನಮ್ಮ ಮನೆ ಹೊಳೆಯ ಆಚೆ, ಬೇರೆ ವಾರ್ಡು, ಹಾಗಾಗಿ ಬಚಾವಾದೆ. ಅಂಕ ಹಾಕದೆ ಬರೀ ಹೆಸರು ಹಾಕೋಣ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮೂವರ ಅಂಕವನ್ನೂ ಹಾಕಿ, ಸುಚಿತ್ರಾ ಅವರಿಗೆ ಬಳಗದ ಬೆಂಬಲ ಎಂದು ದಪ್ಪ ಅಕ್ಷರದಲ್ಲಿ ಬರೆದು, ಎಂಟುನೂರು ಕರಪತ್ರ ತೆಗೆದೆ. ಮಾರನೆಯ ದಿನ ಬೆಳಿಗ್ಗೆ ಹಾಲಿನ ಜೊತೆ ಮನೆಮನೆಗೂ ಹೋಯಿತು.

ಹತ್ತು ಗಂಟೆಗೆ ಹೊನ್ನಕ್ಕ ಅಂಗಡಿಗೆ ಬಂದಳು. ಕೈಯಲ್ಲಿ ಕರಪತ್ರ. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಸ್ಟೇಪ್ಲರ್ ಹುಡುಕುವ ನೆಪದಲ್ಲಿ ಕೌಂಟರ್ ಕೆಳಗೆ ಬಗ್ಗಿದೆ.

"ಎದ್ದೇಳವ್ವ, ಹೊಡೆಯಲ್ಲ" ಅಂದಳು. "ಸುಚಿತ್ರಾನ ಮನ್ಯಾಗೆ ಯಾರಿದಾರೆ ಅಂತ ನಿಮ್ಮ ಅಧ್ಯಕ್ಷರು ನೋಡಿದ್ರಾ?"

"ಯಾಕೆ?"

"ಯಾರೂ ಇಲ್ಲ. ಆ ಮನೆಗೆ ಬೀಗ ಬಿದ್ದು ಒಂದು ವರ್ಷ ಆತು. ದುರ್ಗದಾಗೆ ದೊಡ್ಡ ಮನೆ ಕಟ್ಟಿ ಅಲ್ಲೇ ಅವ್ರೆ. ಬೆಳಿಗ್ಗೆ ಕಾರ್‌ನಾಗೆ ಬಂದು ಓಟು ಕೇಳ್ತಾರೆ, ಸಂಜೀಕೆ ವಾಪಸ್ಸು. ಓಟರ್ ಲಿಸ್ಟಿಗೆ ವಿಳಾಸ ಇರ್ಲಿ ಅಂತ ಮನೆ ಇಟ್ಕಂಡಾರೆ, ಕಳ್ಳರು ಬರ್ದೇ ಇರ್ಲಿ ಅಂತ ಲೈಟು ಹಾಕಿಟ್ಟಾರೆ. ಜನಾನೇ ಇಲ್ದಿದ್ ಮನೆ ಚರಂಡಿ ಒಣಗಿರ್ದೆ ಇನ್ನೇನಾಗಿರ್ತೈತೆ?"

ಉಳಿದಿದ್ದ ಕರಪತ್ರಗಳನ್ನು ಕೌಂಟರ್ ಕೆಳಗೆ ತಳ್ಳಿದೆ. ಅವಳು ಬಿಡಲಿಲ್ಲ.

"ಅವಳ ಗಂಡ ಪ್ರಸನ್ನಕುಮಾರ್ ಮರದ ಹಿಂದಿನ ಜಾಗ ತಗಂಡಾನೆ. ಕಾಂಪ್ಲೆಕ್ಸ್ ಕಟ್ತಾನಂತೆ. ಮರ ಬಾಗಿಲಿಗೆ ಅಡ್ಡ ಬರ್ತೈತೆ, ಹೆಂಡ್ತಿ ಗೆದ್ರೆ ಮರ ತೆಗೆಸ್ತೀನಿ ಅಂತ ಹೇಳ್ಕಂಡು ತಿರುಗ್ತಾವನೆ. ಬ್ಯಾಸಿಗ್ಯಾಗೆ ನಾವು ಇಪ್ಪತ್ತು ಹೆಂಗಸ್ರು ಆ ನೆಳ್ಳಾಗೆ ಕುಂತು ಹುಣಸೇಹಣ್ಣು ಕುಟ್ತೀವಿ, ಬೀಜ ಬಿಡಿಸ್ತೀವಿ. ಮರ ಹೋದ್ರೆ ಎಲ್ಲಿ ಕುಂತ್ಕಳಾಣ? ಅದಕ್ಕೇ ನಿಂತಿದ್ದು ನಾನು. ನಮ್ಮ ಮನೆಯೋರು ಕಿವಿ ಮುಚ್ಕಂಡ್ರು. ನಿಮ್ಮ ಐವತ್ತು ಅಂಕದಾಗೆ ಮರಕ್ಕೆ ಎಷ್ಟು ಇಟ್ಟಿದ್ರಿ ಅನುಸೂಯ?"

ಪ್ರಶ್ನೆಪಟ್ಟಿ ತೆಗೆದು ನೋಡಿದೆ. ಮರ ಉಳಿಸಲೆಂದೇ ಹುಟ್ಟಿದ ಬಳಗದ ಐವತ್ತು ಅಂಕದ ಪಟ್ಟಿಯಲ್ಲಿ ಮರದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಇನ್ನೂ ದೊಡ್ಡ ನಾಚಿಕೆ ನನ್ನದು. ಆ ಕಾಂಪ್ಲೆಕ್ಸಿನ ನಕ್ಷೆಯ ಐದು ಪ್ರತಿ ತೆಗೆದುಕೊಟ್ಟವಳು ನಾನೇ. ಮೂಲೆ ಮಡಚದೆ ನೀಟಾಗಿ ತೆಗೆದೆನೇ ಹೊರತು, ಮರ ನಿಂತಿರುವ ಜಾಗದಲ್ಲಿ ಕಾರ್ ಪಾರ್ಕಿಂಗ್ ಎಂದು ಬರೆದದ್ದನ್ನು ಓದಿರಲಿಲ್ಲ. ಊರಿನ ಗುಟ್ಟೆಲ್ಲ ನನಗೆ ಗೊತ್ತು ಎಂದು ಮೆರೆಯುತ್ತಿದ್ದವಳು.

ತುರ್ತು ಸಭೆ ಕರೆದೆ. ಹನುಮಂತಪ್ಪ, "ಹೋದ್ರೆ ಹೋಗ್ಲಿ ಬಿಡ್ರಿ, ನೂರು ಹುಣಸೆ ಸಸಿ ರೆಡಿ ಅವೆ" ಅಂದ. ಗದರಿಸಿ ಕೂರಿಸಿದೆ. ಕೆಂಚಣ್ಣ ನನ್ನ ಮಾತು ಪೂರ್ತಿ ಕೇಳಲೂ ಇಲ್ಲ, ಸೈಕಲ್ ಹತ್ತಿ ಸುಚಿತ್ರಾ ಮನೆಯ ಕಡೆ ಹೋದರು. ಹಿಂದೆಯೇ ನಾನೂ ಆಟೋದಲ್ಲಿ ಹೋದೆ. ನಡುಮಧ್ಯಾಹ್ನ ಆ ಮನುಷ್ಯ ಗೇಟಿನ ಪಕ್ಕದ ಚರಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಚರಂಡಿಯಲ್ಲಿ ಕಳೆದ ವರ್ಷದ ಬೇವಿನ ಎಲೆ.

"ನಲ್ಲಿ ನೋಡ್ರಿ ಅನುಸೂಯಮ್ಮ, ಜೇಡ ಬಲೆ ಕಟ್ಟೈತೆ" ಅಂದರು.

"ನೀವು ಮೊದ್ಲು ನೋಡ್ಲಿಲ್ವಾ?"

"ನೋಡ್ದೆ. ಹುಳಹುಪ್ಪಟೆಗೆ ಆಶ್ರಯ ಅಂತ ಎರಡು ಅಂಕ ಕೊಟ್ಟೆ."

ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡೆ. ಅವರ ಮುಖ ನೋಡಿ ನಗು ತಾನಾಗಿ ಇಂಗಿತು. "ಗೇಟಿಗೆ ಬೀಗ ಇತ್ತು, ಒಳಗೆ ಲೈಟಿತ್ತು. ಮಲಗ್ಯಾರೆ ಅಂದ್ಕಂಡೆ. ಎಂಟು ದಿನದಾಗೆ ಪಕ್ಕದ ಮನೆಯೋರನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ರು. ಕೇಳ್ಲಿಲ್ಲ" ಅಂದರು.

ಅಷ್ಟರಲ್ಲಿ ಪ್ರಸನ್ನಕುಮಾರ್ ಕೆಲಸ ಮುಗಿಸಿದ್ದ. ನಲವತ್ತಡಿ ಉದ್ದದ ಪ್ಲಾಸ್ಟಿಕ್ ಫ್ಲೆಕ್ಸು ಮಾಡಿಸಿದ್ದ. ಅದರ ಮೇಲೆ ಸುಚಿತ್ರಾ ಕೈ ಮುಗಿದ ಫೋಟೊ, ಅವಳಿಗಿಂತ ದೊಡ್ಡದಾಗಿ ಇವನ ಫೋಟೊ, ಕೆಳಗೆ "ಪರಿಸರ ಬಳಗದಿಂದ ಐವತ್ತಕ್ಕೆ ನಲವತ್ತೇಳು ಅಂಕ ಪಡೆದ ಏಕೈಕ ಅಭ್ಯರ್ಥಿ." ಅದನ್ನು ನಾಲ್ಕು ಮೊಳೆ ಹೊಡೆದು ಹುಣಸೆಮರಕ್ಕೇ ನೇತುಹಾಕಿದ್ದ.

ಆದರೆ ವಾರ್ಡಿನ ಹೆಂಗಸರಿಗೆ ನಲವತ್ತೇಳರ ಮೇಲೆ ಆಸಕ್ತಿ ಇರಲಿಲ್ಲ. ಅವರ ಕಣ್ಣು ಹನ್ನೊಂದರ ಮೇಲೆ. ಅಂಗಡಿಗೆ ಬಂದವರೆಲ್ಲ ಕೌಂಟರಿಗೆ ಒರಗಿ, "ಅನುಸೂಯಕ್ಕ, ನಮ್ಮನೆಗೆ ಎಷ್ಟು ಬರಬೋದು, ಒಸಿ ನೋಡಿ ಹೇಳ್ರಿ" ಅನ್ನತೊಡಗಿದರು. ಲೆಕ್ಕ ಹಾಕಿಕೊಟ್ಟೆ. ಒಬ್ಬರಿಗೆ ಒಂಬತ್ತು ಬಂತು, ಇನ್ನೊಬ್ಬರಿಗೆ ಹದಿಮೂರು. ಹೊನ್ನಕ್ಕನ ಪಕ್ಕದ ಮನೆಯ ನಿಂಗಕ್ಕನಿಗೆ ಆರು. ಟೈರು ಸುಟ್ಟಿದ್ದನ್ನು ಆಕೆ ತಾನೇ ಒಪ್ಪಿಕೊಂಡಳು. "ಆರಾ? ಹಂಗಾರೆ ಹೊನ್ನಕ್ಕ ಜಾಣೆ ಕಣವ್ವ" ಎಂದು ಗೌರವದಿಂದ ಎದ್ದು ಹೋದಳು.

ಹೊನ್ನಕ್ಕ ಮನೆಯಲ್ಲಿ ಗಂಡನ ಮೇಲೆ ಕೂಗಾಡಲಿಲ್ಲ. ಅಡುಗೆ ತಪ್ಪಿಸಲಿಲ್ಲ, ಬಿಸಿನೀರು ತಪ್ಪಿಸಲಿಲ್ಲ. ಈಗ ಅವರು ಮಾತಾಡಲು ಹೋದರೆ ಅವಳು ಎರಡು ಬೆರಳು ಎತ್ತಿ, ರೊಟ್ಟಿ ಬೇಕಾ ಎಂದು ಸನ್ನೆ ಮಾಡುತ್ತಿದ್ದಳಂತೆ. ಕೆಂಚಣ್ಣ ಸೊರಗಿದರು. ನಲವತ್ತು ಮನೆಗೆ ಹೋಗಿ ತಪ್ಪಾಯಿತು ಎಂದ ಮನುಷ್ಯನಿಗೆ ತನ್ನ ಮನೆಯೊಳಗೆ ಅದನ್ನು ಹೇಳಲು ದಾರಿ ಸಿಗಲಿಲ್ಲ.

ಪ್ರಚಾರದ ಕೊನೆಯ ದಿನ ಸಂಜೆ ನಾಲ್ಕಕ್ಕೆ ಮರದ ಕೆಳಗೆ ಹೊನ್ನಕ್ಕನ ಸಭೆ. ಸಭೆಯೆಂದರೆ ಒಂದು ಆಟೋ, ಅದರ ಮೇಲೊಂದು ಮೈಕು, ಮುನ್ನೂರು ಜನ. ಫ್ಲೆಕ್ಸಿನ ನೆರಳಿನಲ್ಲಿ ಪ್ರಸನ್ನಕುಮಾರನ ಕಡೆಯವರೂ ನಿಂತಿದ್ದರು. ಹೊನ್ನಕ್ಕ ಮಾತು ಶುರು ಮಾಡುವ ಮೊದಲೇ ಕೆಂಚಣ್ಣ ಜನರ ನಡುವಿನಿಂದ ಬಂದು ಮೈಕು ಕೇಳಿದರು. ಆಟೋದವನು ಹೊನ್ನಕ್ಕನ ಮುಖ ನೋಡಿದ. ಅವಳು ಕೊಡು ಎಂದು ತಲೆಯಾಡಿಸಿದಳು.

"ನಾನು ಕೆಂಚಣ್ಣ" ಅಂದರು, ಯಾರಿಗೂ ಗೊತ್ತಿಲ್ಲವೆಂಬಂತೆ. "ಕರಪತ್ರದಾಗೆ ತಪ್ಪಾಗೈತೆ. ತಪ್ಪು ನಂದೇ, ಬೈಯ್ರಿ. ಸುಚಿತ್ರಾ ಅವರ ಮನ್ಯಾಗೆ ಯಾರೂ ವಾಸ ಇಲ್ಲ. ನಾನು ಖಾಲಿ ಮನೆಗೆ ನಲವತ್ತೇಳು ಅಂಕ ಕೊಟ್ಟೆ. ಆ ಲೆಕ್ಕದಾಗೆ ಊರೇ ಖಾಲಿ ಆದ್ರೆ ಐವತ್ತಕ್ಕೆ ಐವತ್ತು ಬರ್ತೈತೆ."

ಜನ ಗೊಳ್ಳೆಂದು ನಕ್ಕರು. ಪ್ರಸನ್ನಕುಮಾರನ ಕಡೆಯವನೊಬ್ಬ ಕೈ ಎತ್ತಿ ಕೂಗಿದ. "ಅದಿರ್ಲಿ ಏನಪ್ಪ ಕೆಂಚಣ್ಣ, ನಿನ್ನ ಹೆಂಡ್ತಿಗೆ ಈಗ ಎಷ್ಟು ಕೊಡ್ತೀಯ, ಅದನ್ನ ಹೇಳು!"

ಜಾಸ್ತಿ ಹೇಳಿದರೆ, ಹೆಂಡತಿಗಾಗಿ ಸುಳ್ಳು ಹೇಳಿದ, ಖಾಲಿ ಮನೆಯದೂ ಸುಳ್ಳೇ ಅನ್ನುತ್ತಾರೆ. ಹನ್ನೊಂದೇ ಎಂದರೆ, ಗಂಡನೇ ಫೇಲು ಮಾಡಿದ ಹೆಂಗಸಿಗೆ ಯಾರು ಓಟು ಹಾಕುತ್ತಾರೆ? ಮರ ಹೋಗುತ್ತದೆ. ಮೂವತ್ತೆಂಟು ವರ್ಷದ ಸಂಸಾರವೂ ಅದರ ಜೊತೆಗೇ ಹೋದರೂ ಹೋಯಿತು. ಮೈಕಿನಲ್ಲಿ ಕೆಂಚಣ್ಣ ಉಗುಳು ನುಂಗಿದ್ದು ಮುನ್ನೂರು ಜನಕ್ಕೂ ಕೇಳಿಸಿತು.

"ಹನ್ನೊಂದೇ" ಅಂದರು. "ಇವತ್ತು ಬೆಳಿಗ್ಗೇನೂ ಹಂಡೆ ಒಲೆಗೆ ಚಪ್ಪಲಿ ಹಾಕ್ಯಾಳೆ. ಆದ್ರೂ ಓಟು ಅವಳಿಗೇ ಹಾಕ್ರಿ. ಈ ಮರದ ಬಗ್ಗೆ ಮಾತಾಡಿದ ಅಭ್ಯರ್ಥಿ ಅವಳೊಬ್ಬಳೇ. ನಾನು ಅದನ್ನೇ ಕೇಳ್ಲಿಲ್ಲ."

ಯಾರೋ ಚಪ್ಪಾಳೆ ಹೊಡೆಯಲು ಹೋದರು. ಅಷ್ಟರಲ್ಲಿ ಹೊನ್ನಕ್ಕ ಮೈಕು ಕಿತ್ತುಕೊಂಡಳು.

"ನಿಲ್ಲ್ರಿ. ಎಂಟು ದಿನ ನೀವು ಪರೀಕ್ಷೆ ಮಾಡಿದ್ರಿ, ನಂದೂ ಎರಡು ಪ್ರಶ್ನೆ ಐತೆ. ಇವತ್ತು ಚಪ್ಪಲಿ ಹಾಕಿ ಕಾಯಿಸಿದ ನೀರು ಯಾರು ಹುಯ್ಕಂಡ್ರು?"

ಕೆಂಚಣ್ಣ ತಡಮಾಡಲಿಲ್ಲ. "ನಾನು."

ಹೆಂಗಸರ ಸಾಲಿನಿಂದ ಎದ್ದ ನಗುವಿಗೆ ಮರದ ಮೇಲಿನ ಕಾಗೆಗಳು ಹಾರಿದವು. ನಿಂಗಕ್ಕ ನಕ್ಕು ನಕ್ಕು ನೆಲಕ್ಕೆ ಕೂತಳು. ಹೊನ್ನಕ್ಕ ನಗಲಿಲ್ಲ.

"ನಾನು ಯಾವ ನೀರಾಗೆ ಸ್ನಾನ ಮಾಡ್ತೀನಿ?"

ಯಾವ ಬೀದಿಗೆ ಎಷ್ಟು ಗಂಟೆಗೆ ನೀರು, ಯಾವ ಮನೆಯಲ್ಲಿ ಯಾವಾಗ ಬಟ್ಟೆ ಒಗೆಯುತ್ತಾರೆ, ಯಾರ ಬಚ್ಚಲು ಸೋರುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ ಮುನ್ನೂರು ಜನರೆದುರು, "ಗೊತ್ತಿಲ್ಲ" ಅಂದರು.

ಹೊನ್ನಕ್ಕ ಮೈಕಿನ ಕಡೆ ತಿರುಗಿ ಮರದ ವಿಷಯ ಮಾತಾಡಿ, ಗುರುತು ಗ್ಯಾಸ್ ಒಲೆ ಎಂದು ಮೂರು ಸಲ ಹೇಳಿ, ಆಟೋ ಹತ್ತಿ ಮುಂದಿನ ಬೀದಿಗೆ ಹೋದಳು.

ಎಣಿಕೆಯ ದಿನ ಹೊನ್ನಕ್ಕನಿಗೆ ಐನೂರ ಹದಿನಾಲ್ಕು ಓಟು ಬಂದವು. ಸುಚಿತ್ರಾಗೆ ನಾನೂರ ಅರವತ್ತಮೂರು. ಓಬವ್ವನಿಗೆ ಸರಿಯಾಗಿ ಇಪ್ಪತ್ತೊಂಬತ್ತು. ಅಂಕ ಎಷ್ಟೋ ಓಟೂ ಅಷ್ಟೇ ಬಂತು, ನಿಮ್ಮ ಪರೀಕ್ಷೆ ನೂರಕ್ಕೆ ನೂರು ಕರೆಕ್ಟು ಎಂದು ಆಕೆ ನಮಗೆ ಎರಡು ಕೆಜಿ ಬದನೆಕಾಯಿ ಕೊಟ್ಟಳು. ಮರ ಅಲ್ಲೇ ನಿಂತಿದೆ. ಪ್ರಸನ್ನಕುಮಾರ್ ನಕ್ಷೆ ಬದಲಾಯಿಸಿ ಕಾಂಪ್ಲೆಕ್ಸಿನ ಬಾಗಿಲನ್ನು ಪಕ್ಕದ ರಸ್ತೆಗೆ ತಿರುಗಿಸಿಕೊಂಡ. ಅದರ ಜೆರಾಕ್ಸಿಗೂ ನನ್ನಲ್ಲಿಗೇ ಬಂದಿದ್ದ, ಈ ಸಲ ಪ್ರತಿಯೊಂದು ಅಕ್ಷರ ಓದಿದ ಮೇಲೆಯೇ ಗಾಜಿನ ಮೇಲಿಟ್ಟೆ.

ಹೊನ್ನಕ್ಕ ಪ್ರಮಾಣವಚನ ತೆಗೆದುಕೊಂಡ ಮರುದಿನ ಬೆಳಿಗ್ಗೆ ಕೆಂಚಣ್ಣ ಅಂಗಡಿಗೆ ಬಂದರು. ಕೈಯಲ್ಲಿ ಕಾಗದ ಇರಲಿಲ್ಲ. ಸ್ಟೂಲು ಎಳೆದುಕೊಟ್ಟೆ, ಕೂರಲಿಲ್ಲ.

"ಆ ಪ್ರಶ್ನೆ ಕೇಳಿದ್ಲಲ್ಲ ಅನುಸೂಯಮ್ಮ, ಉತ್ತರ ಏನೇ ಅಂತ ಮನ್ಯಾಗೆ ಕೇಳ್ದೆ. ಹೇಳ್ಲಿಲ್ಲ. ಬೇಕಾದ್ರೆ ನೋಡ್ಕಳ್ರಿ ಅಂದ್ಲು. ಇವತ್ತು ಎದ್ದು ಹಿತ್ತಲಾಗೆ ನಿಂತ್ಕಂಡು ನೋಡ್ದೆ."

"ಏನು ನೋಡಿದ್ರಿ?"

"ನಾ ಎರಡು ಬಕೀಟು ಹುಯ್ಕಂಡ್ರೆ ಹಂಡೆ ತಳ ಕಾಣ್ತೈತೆ. ಅವಳು ಆಮ್ಯಾಲೆ ನಲ್ಲಿ ತಿರುಗಿಸಿ ಒಂದು ಬಕೀಟು ಹಿಡ್ಕಂಡು ಹೋದ್ಲು. ತಣ್ಣೀರು. ಯಾವತ್ತಿಂದ ಅಂತ ಕೇಳ್ದೆ. ಮದ್ವೆ ಆದಾಗಿಂದ ಅಂದ್ಲು. ಚಳಿಗಾಲ್ದಾಗೂನಾ ಅಂತ ಕೇಳ್ದೆ. ಚಳಿಗಾಲ್ದಾಗೆ ನಿಮಗೆ ಮೂರು ಬಕೀಟು ಬೇಕಲ್ಲ ಅಂದ್ಲು."

ಇಷ್ಟು ಹೇಳಿ ಕೆಂಚಣ್ಣ ನನ್ನ ಮಷಿನ್ನಿಗೆ ಒರಗಿ ಅತ್ತರು. ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದಿದ್ದ ಒಬ್ಬರು ಬಾಗಿಲಲ್ಲಿ ನಿಂತು, ಏನಾಯಿತು ಎಂದು ಕಣ್ಣಲ್ಲೇ ಕೇಳಿದರು. ಮಷಿನ್ ಬಿಸಿಯಾಗಿದೆ, ಅರ್ಧ ಗಂಟೆ ಬಿಟ್ಟು ಬರ್ರಿ ಅಂದೆ.